ಖಂಡೆಪೂಜೆಗೆ ಇಟ್ಟ ಡಬ್ಬಿ

ಬರ, ನೆರೆ, ಚುನಾವಣೆ ಮೊದಲಾಗಿ ರೋಣ ಪಟ್ಟಣದ ಮೇಲೆ ಬಂದುಹೋದ ಗಂಡಾಂತರಗಳನ್ನೆಲ್ಲ ಮುಂದೊಂದು ದಿನ ಯಾರಾದರೂ ಬರೆಯಲು ಕುಳಿತರೆ, ವಿಜಯದಶಮಿಯ ಬೆಳಿಗ್ಗೆ ಹೈಸ್ಕೂಲಿನ ವಿಜ್ಞಾನದ ಮಾಸ್ತರ ಕಲ್ಲೇಶನ ಪಡಸಾಲೆಯಲ್ಲಿ ಕಡಲೆಕಾಳಿನಷ್ಟು ದೊಡ್ಡ ದೀಪವೊಂದು ಕೆಂಪಗೆ ಉರಿದ ಸಂಗತಿಗೂ ಅದರಲ್ಲಿ ಒಂದು ಅಧ್ಯಾಯವನ್ನು ಮೀಸಲಿಡಬೇಕಾಗುತ್ತದೆ. ಕಲ್ಲೇಶನಿಗಂತೂ ಅದರಲ್ಲಿ ಅನುಮಾನವಿರಲಿಲ್ಲ. ಅವನು ಹಲ್ಲುಜ್ಜುವುದನ್ನು ಅರ್ಧಕ್ಕೆ ಬಿಟ್ಟು, ಬಾಯಿಯ ನೊರೆಯೊಂದಿಗೆ ಆ ದೀಪದ ಮುಂದೆ ನಿಂತಿದ್ದ. ಇಂಟರ್ನೆಟ್ಟಿನ ಕರಿಯ ಡಬ್ಬಿಯಲ್ಲಿ ಉಳಿದ ದೀಪಗಳೆಲ್ಲ ಹಸಿರಾಗಿದ್ದವು. ಭೂಗೋಳದ ಚಿತ್ರದ ಕೆಳಗಿನದು ಮಾತ್ರ ಕೆಂಪು. ಅಂದರೆ ಡಬ್ಬಿಗೆ ಜೀವವಿದೆ, ಹೊರಗಿನ ಜಗತ್ತಿನೊಂದಿಗೆ ಮಾತಿಲ್ಲ. ಡಬ್ಬಿಯ ನೆತ್ತಿಗೆ ಬಳಿದ ಮೂರು ಗೆರೆ ವಿಭೂತಿ, ನಡುವೆ ಕುಂಕುಮ, ಒಂದು ಬಾಡಿದ ಚೆಂಡುಹೂವು ಇನ್ನೂ ಹಾಗೇ ಇದ್ದವು. ಹಿಂದಿನ ದಿನ ಖಂಡೆಪೂಜೆ. ಮನೆಯಲ್ಲಿ ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು, ಮಣೆಯ ಮೇಲೆ ಸಾಲಾಗಿ ಇಟ್ಟು, ಪೂಜೆ ಮಾಡಿ, ಆ ದಿನವಿಡೀ ಅವುಗಳಿಂದ ಕೆಲಸ ತೆಗೆದುಕೊಳ್ಳದೆ ಬಿಡುವ ದಿನ. ಹೋದ ವರ್ಷ ಈಳಿಗೆ, ಕತ್ತರಿ, ಲಟ್ಟಣಿಗೆಗಳ ಸಾಲಿನ ತುದಿಗೆ ಹೆಂಡತಿ ನಾಗರತ್ನಾ ಈ ಡಬ್ಬಿಯನ್ನೂ ತಂದಿಟ್ಟಿದ್ದಳು. ಇದ್ಯಾಕೆ ಎಂದು ಅವನು ಕೇಳಿದಾಗ, ಈ ಮನೆಯಲ್ಲಿ ಹಗಲೂ ರಾತ್ರಿ ದುಡಿಯುವುದು ಇದೊಂದೇ, ನಾನು ಕುಂತಾಗ ಮಾತಾಡುವುದೂ ಇದೊಂದೇ ಎಂದು ನಕ್ಕಿದ್ದಳು. ವಿದ್ಯುತ್ ಉಪಕರಣಕ್ಕೆ ನೀರು ತಾಗಿಸಬಾರದೆಂದು ಅವನು ಪಾಠ ಹೇಳಿದ್ದ. ಈ ವರ್ಷ ಮನೆಯಲ್ಲಿ ಒಬ್ಬನೇ ಇದ್ದುದರಿಂದ, ಪಾಠ ಕೇಳುವವರು ಯಾರೂ ಇಲ್ಲದ್ದರಿಂದ, ಅವಳು ಮಾಡಿದ್ದನ್ನೆಲ್ಲ ಅವಳು ಮಾಡಿದ ಕ್ರಮದಲ್ಲೇ ಮಾಡಿದ. ವಾಯರುಗಳನ್ನು ಕಿತ್ತು, ಡಬ್ಬಿಗೆ ಅವಳು ಹಚ್ಚಿದ್ದಕ್ಕಿಂತ ದಪ್ಪಗೆ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ, ದಶಮಿಯ ಬೆಳಿಗ್ಗೆ ಪೂಜೆ ಕದಲಿಸಿ ವಾಯರುಗಳನ್ನು ತಿರುಗಿ ಸಿಕ್ಕಿಸಿದ್ದ. ದೀಪ ಕೆಂಪಾಗಿದ್ದು ಆಗ.

ಕೇಬಲ್ಲಿನ ಕುತುಬುದ್ದೀನನಿಗೆ ಫೋನು ಮಾಡಿದಾಗ ಅವನು ಎಲ್ಲರಿಗೂ ಹೇಳುವುದನ್ನೇ ಹೇಳಿದ. ಬಂದ್ ಮಾಡ್ರಿ ಸರ, ಸ್ವಲ್ಪ ಹೊತ್ತು ಹಾಂಗ ಬಿಡ್ರಿ, ಆಮ್ಯಾಲೆ ಚಾಲೂ ಮಾಡ್ರಿ. ಕಲ್ಲೇಶ ಬಂದ್ ಮಾಡಿ ಸ್ಟೂಲಿನ ಮೇಲೆ ಕುಳಿತ. ಈ ಚಿಕಿತ್ಸೆಯಲ್ಲಿ ಅವನಿಗೆ ಮೊದಲಿನಿಂದಲೂ ನಂಬಿಕೆ. ನಾಗರಪಂಚಮಿಗೆಂದು ಗಜೇಂದ್ರಗಡದಿಂದ ನಾಗರತ್ನಾಳ ಅಣ್ಣ ಹಾಲೇಶ ಬಂದು ತಂಗಿಯನ್ನು ಕರೆದುಕೊಂಡು ಹೋದಾಗ, ಹಬ್ಬದ ಉಂಡಿ ಮುಗಿದರೂ ಅವಳು ತಿರುಗಿ ಬಾರದಿದ್ದಾಗ, ಶ್ರಾವಣ ಕಳೆದು ಗಣಪತಿ ಬಂದು ಹೋದಾಗ, ಅವನು ಇದನ್ನೇ ಮಾಡಿದ್ದ. ಸ್ವಲ್ಪ ಹೊತ್ತು ಹಾಗೇ ಬಿಡುವುದು. ಫೋನು ಮಾಡದಿರುವುದು. ಬಿಸಿಯಾದದ್ದು ತಣ್ಣಗಾದರೆ ತಾನೇ ಹಸಿರಾಗುತ್ತದೆ. ಓಣಿಯವರಿಗೆ, ಅತ್ತಿಗೆಯ ಮೊಳಕಾಲು ನೋವಂತೆ, ನೋಡಿಕೊಳ್ಳಲು ಇದ್ದಾಳೆ ಎಂದು ಹೇಳಿದ್ದ. ಎಡಮೊಳಕಾಲೋ ಬಲಮೊಳಕಾಲೋ ಎಂದು ಯಾರೋ ಕೇಳಿದಾಗ ಎಡ ಎಂದಿದ್ದ. ಅಂದಿನಿಂದ ಅದನ್ನು ನೆನಪಿಟ್ಟುಕೊಳ್ಳುವುದು ಅವನ ಕೆಲಸವಾಗಿತ್ತು. ಕೊನೆಗೆ ಅವಳೇ ಹೋದ ವಾರ ಫೋನು ಮಾಡಿದಳು. ಊಟದ್ದು ಕೇಳಿದಳು, ನೀರು ಎಷ್ಟು ದಿನಕ್ಕೆ ಬಿಡುತ್ತಿದ್ದಾರೆಂದು ಕೇಳಿದಳು. ಆಮೇಲೆ ದನಿ ಬದಲಿಸದೆ, "ಬನ್ನಿ ದಿನ ಸಂಜಿಗೆ ವಿಡಿಯೋ ಮಾಡ್ತೀನಿ. ನಿಮ್ಮ ಮಾರಿ ನೋಡಿ ಒಂದ್ ಮಾತ್ ಹೇಳೋದೈತಿ," ಎಂದಳು. ಬಂದೇ ಹೇಳಬಹುದಲ್ಲ ಎಂದು ಅವನು ಅಂದ. "ಬಂದ್ ಹೇಳೂವಷ್ಟು ಗಟ್ಟಿ ಇಲ್ಲ್ರಿ ನಾ. ಬಂದ್ರ ಹೊಳ್ಳಿ ಹೋಗಾಕ ಆಗೂದಿಲ್ಲ." ಆ ವಾಕ್ಯವನ್ನು ಅವನು ವಾರವಿಡೀ ತಿರುಗಿಸಿ ತಿರುಗಿಸಿ ನೋಡಿದ್ದ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ದಡ್ಡ ಹುಡುಗ ಬರೆದ ಸಾಲಿಗೆ ಹೇಗಾದರೂ ಅರ್ಧ ಮಾರ್ಕು ಕೊಡಲು ಹುಡುಕುವಂತೆ ಅದರಲ್ಲಿ ಬೇರೊಂದು ಅರ್ಥಕ್ಕಾಗಿ ಹುಡುಕಿದ್ದ. ಸ್ವಿಚ್ಚು ಒತ್ತಿದ. ದೀಪಗಳು ಒಂದೊಂದಾಗಿ ಮಿನುಗಿದವು. ಭೂಗೋಳ ಕೆಂಪಾಯಿತು.

ಮಾಳಿಗೆ ಹತ್ತಿದರೆ ಮೊಬೈಲಿಗೆ ಸಿಗ್ನಲ್ಲು ಸಿಗುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಮಣ್ಣಿನ ದಪ್ಪ ಗೋಡೆಗಳ ಒಳಗೆ ಹೇಗೋ ಮಾತು ಕೇಳುವಷ್ಟು ಬರುತ್ತದೆ, ಮುಖ ಕಾಣುವಷ್ಟು ಬರುವುದಿಲ್ಲ. ಅದಕ್ಕೇ ಈ ಕೇಬಲ್ಲು ಹಾಕಿಸಿದ್ದು. ಅವನು ಮಾಳಿಗೆಯ ಮೆಟ್ಟಿಲವರೆಗೂ ಹೋದ. ಪಕ್ಕದ ಮಾಳಿಗೆಯಲ್ಲಿ ಗಾಳೆವ್ವ ಶೇಂಗಾ ಹರವುತ್ತಿದ್ದಳು. ಎರಡು ಮನೆಗಳ ಮಾಳಿಗೆ ಒಂದೇ. ನಡುವೆ ಮೊಳಕಾಲೆತ್ತರದ ಗೋಡೆ. ಗಾಳೆವ್ವನ ಎದುರಿಗೆ, ಶೇಂಗಾ ಸಿಪ್ಪೆ ಕಾಲಿಗೆ ಹತ್ತುವಲ್ಲಿ, ನಿಂತುಕೊಂಡು ಹೆಂಡತಿಗೆ ತನ್ನ ಮುಖವನ್ನು ತೋರಿಸುವುದನ್ನು ಕಲ್ಪಿಸಿಕೊಂಡು ತಿರುಗಿ ಇಳಿದ. ವಿಡಿಯೋ ಎಂದು ಅವಳು ಹೇಳಿದ ಮೇಲೆ ವಿಡಿಯೋ ಸರಿಯಾಗಿಯೇ ಆಗಬೇಕು ಎಂದು ತನಗೆ ತಾನೇ ಹೇಳಿಕೊಂಡ. ಗಾಳೆವ್ವನ ಮುಖ ಎದುರಿಸದಿರಲು ಅವನಿಗೆ ಬೇರೆ ಕಾರಣವೂ ಇತ್ತು. ಭಾದ್ರಪದದ ಒಂದು ರವಿವಾರ ಅವನು ಹೇಳದೆ ಕೇಳದೆ ಬಸ್ಸು ಹತ್ತಿ ಗಜೇಂದ್ರಗಡಕ್ಕೆ ಹೋಗಿದ್ದ. ದೂರವೇನಲ್ಲ, ಒಂದು ನಿದ್ದೆ ಸರಿಯಾಗಿ ಹತ್ತುವುದರೊಳಗೆ ಊರು ಬರುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಕೊಂಡ, ಅಳಿಯನಾದವನು ಬರಿಗೈಯಲ್ಲಿ ಹೋಗಬಾರದೆಂದು. ಚಹಾ ಕುಡಿದ. ಕರೆಯದೆ ಬಂದ ಅಳಿಯ ಬಾಗಿಲಲ್ಲಿ ಮೊದಲು ಏನು ಅನ್ನಬೇಕು ಎಂದು ಯೋಚಿಸುತ್ತ ಇನ್ನೊಂದು ಚಹಾ ಕುಡಿದ. ಅಷ್ಟರಲ್ಲಿ ಹಾಲೇಶ ಮೋಟಾರ್‌ಸೈಕಲ್ಲಿನ ಮೇಲೆ ಎದುರಿನಿಂದ ಹಾದುಹೋದ. ವೇಗ ಸ್ವಲ್ಪ ಕಡಿಮೆಯಾಯಿತು, ಮತ್ತೆ ಹೆಚ್ಚಾಯಿತು. ನೋಡಿದನೋ ಇಲ್ಲವೋ. ನೋಡಿರಲಾರ ಎಂದು ಕಲ್ಲೇಶ ಎಷ್ಟು ಬಲವಾಗಿ ಅಂದುಕೊಂಡನೆಂದರೆ, ನೋಡಿದ್ದಾನೆಂಬುದು ಖಚಿತವಾಗಿಬಿಟ್ಟಿತು. ಅದೇ ಬಸ್ಸು ತಿರುಗಿ ಹೊರಟಿತ್ತು; ಅದೇ ಸೀಟಿನಲ್ಲಿ ಕುಳಿತು ಮರಳಿದ. ಓಣಿಯಲ್ಲಿ ಗಾಳೆವ್ವ ಸಿಕ್ಕಳು. ಕೈಯಲ್ಲಿ ಹಣ್ಣಿತ್ತು. ನಾಗರತ್ನಾ ಕೊಟ್ಟು ಕಳಿಸಿದ್ದಾಳೆ ಎಂದು ಹಣ್ಣಿನ ಚೀಲವನ್ನು ಅವಳ ಕೈಗೆ ಕೊಟ್ಟಿದ್ದ.

ಕುತುಬುದ್ದೀನ ಹಬ್ಬದ ದಿನವೂ ಬಂದ. ಏಣಿ, ಹೆಗಲಿಗೆ ವಾಯರಿನ ಸುರುಳಿ, ಬಾಯಲ್ಲಿ ಅಡಿಕೆ. ಒಳಗೆ ಬಂದು ಡಬ್ಬಿ ನೋಡಿ, ವಿಭೂತಿ ಕಂಡು, "ದೇವ್ರಾಗಿ ಕುಂತೈತಲ್ರಿ ಸರ, ಮುಟ್ಟಲೋ ಬ್ಯಾಡೋ?" ಎಂದು ನಕ್ಕು, ಮುಟ್ಟದೆ ಹೊರಗೆ ಹೋದ. ಅವನ ಪ್ರಕಾರ ತಪ್ಪು ಯಾವಾಗಲೂ ಕಂಬದಲ್ಲಿರುತ್ತದೆ. ಕಂಬದಲ್ಲಿಲ್ಲದಿದ್ದರೆ ಮಂಗಗಳಲ್ಲಿರುತ್ತದೆ. ಕಲ್ಲೇಶ ಅದಕ್ಕೆ ಪೂರ್ತಿ ಸಮ್ಮತಿಸಿದ. ಅವನೂ ಎಂಟನೆಯ ತರಗತಿಗೆ ಅದನ್ನೇ ಕಲಿಸುತ್ತಿದ್ದ: ದೀಪ ಹತ್ತದಿದ್ದರೆ ಮೊದಲು ಹೊರಗಿನಿಂದ ನೋಡಿಕೊಳ್ಳುತ್ತ ಬನ್ನಿ. ನಾಗರತ್ನಾಳನ್ನೂ ಹಾಗೆಯೇ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ತೋರಿಸಿದ್ದ. ಮದುವೆಯಾಗಿ ವರ್ಷಗಳು ಕಳೆದರೂ ತೊಟ್ಟಿಲು ಕಟ್ಟದ ಮನೆಯಲ್ಲಿ ದೋಷ ಎಲ್ಲಿದೆ ಎಂದು ಹುಡುಕುವುದು ವಿಜ್ಞಾನದ ಮಾಸ್ತರನಾದವನ ಕರ್ತವ್ಯ. ರಕ್ತ ನೋಡಿದರು, ಹೊಟ್ಟೆ ನೋಡಿದರು, ಹೊಟ್ಟೆಯೊಳಗೆ ನಳಿಕೆ ಹಾಕಿ ನೋಡಿದರು. ಏನೂ ಸಿಗಲಿಲ್ಲವಾದ್ದರಿಂದ ಇನ್ನೊಂದು ದವಾಖಾನಿಯಲ್ಲಿ ಮೊದಲಿನಿಂದ ನೋಡಿದರು. ಮುಂದಿನ ಸಲ ಇಬ್ಬರೂ ಬನ್ನಿ ಎಂದು ಡಾಕ್ಟರಮ್ಮ ಹೇಳಿದ್ದಳು. ಮುಂದಿನ ಸಲ ಶಾಲೆಯಲ್ಲಿ ಪರೀಕ್ಷೆ ಇತ್ತು. ಅದರ ಮುಂದಿನ ಸಲ ಮೌಲ್ಯಮಾಪನ. ಒಮ್ಮೆ ಮರಳಿ ಬರುವಾಗ ಬಸ್ಸು ನರಗುಂದದಲ್ಲಿ ನಿಂತಿತ್ತು. ಕಿಟಕಿಯಿಂದ ಗುಡ್ಡ ಕಾಣುತ್ತಿತ್ತು. ಹೊಟ್ಟೆ ಹಿಡಿದುಕೊಂಡು ಕುಳಿತಿದ್ದ ಅವಳು, ಗುಡ್ಡದ ಕಡೆಗೇ ಮುಖ ಮಾಡಿ, "ನೀವೂ ಒಮ್ಮಿ ತೋರಿಸ್ಕೊಂಡ್ರ ಏನಾಗ್ತೈತ್ರಿ?" ಎಂದಳು. ಅವನು ಕಿಟಕಿಯ ಕೆಳಗಿನವನಿಂದ ಮಿರ್ಚಿ ಭಜಿ ಕೊಳ್ಳುತ್ತಿದ್ದ. ಚಿಲ್ಲರೆ ಎಣಿಸಿಕೊಂಡು, ಭಜಿಯ ಕಾಗದವನ್ನು ಅವಳ ತೊಡೆಯ ಮೇಲಿಟ್ಟು, ನರಗುಂದದ ಗುಡ್ಡದ ಕಲ್ಲು ಯಾವ ಜಾತಿಯದು, ಅದರಲ್ಲಿ ನೀರು ಹೇಗೆ ನಿಲ್ಲುತ್ತದೆ ಎಂಬುದನ್ನು ವಿವರಿಸಲು ಶುರುಮಾಡಿದ. ಬಹಳ ಒಳ್ಳೆಯ ವಿವರಣೆ ಅದು. ನಂತರ ಎಂಟನೆಯ ತರಗತಿಯಲ್ಲಿ ಅದನ್ನೇ ಬಳಸಿಕೊಂಡ.

ಹೊರಗೆ ಕುತುಬುದ್ದೀನನ ಏಣಿ ಕಂಬಕ್ಕೆ ತಾಗಿದ ಸದ್ದು. ಕೈಗೆ ಏನಾದರೂ ಕೆಲಸ ಬೇಕೆಂದು ಕಲ್ಲೇಶ ಹಸಿಬಟ್ಟೆಯ ತುದಿಯಿಂದ ಡಬ್ಬಿಯ ವಿಭೂತಿ ಒರೆಸತೊಡಗಿದ. ನೆತ್ತಿಯದು ಒರೆಸಿದ, ಬದಿಯದು ಒರೆಸಿದ. ಹಿಂದುಗಡೆಯೂ ಅವನ ಭಕ್ತಿ ಸುರಿದಿತ್ತು. ವಾಯರು ಸಿಕ್ಕಿಸುವ ತೂತುಗಳ ಸಾಲಿನ ಮೇಲೆಲ್ಲ ಬೂದಿಯ ಪದರ. ಅದನ್ನು ಒರೆಸಿದಂತೆ ತೂತುಗಳ ಬಣ್ಣಗಳು ಮೇಲೆದ್ದವು. ಹಳದಿ, ಹಳದಿ, ಹಳದಿ, ಹಳದಿ, ತುದಿಗೆ ಒಂದು ನೀಲಿ. ಹೊರಗಿನ ಲೈನು ಬರಬೇಕಾದದ್ದು ನೀಲಿಗೆ. ಕುತುಬುದ್ದೀನ ಹಾಕಿಕೊಟ್ಟ ದಿನವೇ ನಾಗರತ್ನಾಳಿಗೆ ಅದನ್ನು ಬೆರಳಿಟ್ಟು ತೋರಿಸಿ, ಇದನ್ನು ಬಿಟ್ಟು ಬೇರೆ ಯಾವುದಕ್ಕೂ ಹಾಕಬೇಡ ಎಂದು ಅವನೇ ಹೇಳಿದ್ದ. ಈಗ ವಾಯರು ಹಳದಿಯಲ್ಲಿತ್ತು. ನೀಲಿ ತೂತು ಖಾಲಿ ಬಾಯಿ ತೆರೆದು, ತುಸು ವಿಭೂತಿ ನುಂಗಿ ಕುಳಿತಿತ್ತು. ಕಿತ್ತು ಪಕ್ಕದಲ್ಲಿ ಸಿಕ್ಕಿಸಿದರೆ ಆಯಿತು. ಕೈ ವಾಯರಿನವರೆಗೂ ಹೋಯಿತು. ಬೆರಳುಗಳು ಅದನ್ನು ಹಿಡಿದವು. ಅಲ್ಲೇ ನಿಂತವು. ಸಿಕ್ಕಿಸಿದರೆ ದೀಪ ಹಸಿರಾಗುತ್ತದೆ. ಹಸಿರಾದರೆ ಸಂಜೆಯಾಗುತ್ತದೆ. ಸಂಜೆಯಾದರೆ ಅವಳ ಮುಖ ಬರುತ್ತದೆ, ಮುಖದ ಹಿಂದೆ ಆ ಒಂದು ಮಾತು. ಕೆಂಪಾಗಿರುವವರೆಗೆ ಅವಳು ಹೇಳಿಲ್ಲ. ಹೇಳದಿರುವವರೆಗೆ ಅವಳು ಗಜೇಂದ್ರಗಡದಲ್ಲಿ ಅತ್ತಿಗೆಯ ಎಡಮೊಳಕಾಲು ನೋಡಿಕೊಳ್ಳುತ್ತಿದ್ದಾಳೆ. "ಸರ, ಈಗ ಬಂತಾ ನೋಡ್ರಿ," ಎಂದು ಕಂಬದ ಮೇಲಿಂದ ಕೂಗು ಬಂತು. ಕಲ್ಲೇಶ ವಾಯರಿನಿಂದ ಕೈ ತೆಗೆದು ಬಾಗಿಲಿಗೆ ಹೋಗಿ, ಇಲ್ಲ ಎಂದ. ಕುತುಬುದ್ದೀನ ಏಣಿ ಹೊತ್ತು ಮುಂದಿನ ಕಂಬಕ್ಕೆ ಹೋದ. ಬಿಸಿಲು ಏರಿತ್ತು. ಅವನ ಅಂಗಿ ಬೆನ್ನಿಗೆ ಅಂಟಿತ್ತು. ಈಗ ಬಂತಾ? ಇಲ್ಲ. ಜೋಡಣೆ ಕತ್ತರಿಸಿ ಹೊಸದಾಗಿ ಕೂಡಿಸಿದ. ಈಗ? ಇಲ್ಲ. ಪ್ರತಿಸಲವೂ ಕಲ್ಲೇಶ ಒಳಗೆ ಹೋಗಿ, ನೋಡಿದಂತೆ ಮಾಡಿ, ಹೊರಗೆ ಬಂದ. ಒಳಗೆ ಹೋಗದೆ ಇಲ್ಲವೆನ್ನುವುದು ಅವನಿಗೆ ಸುಳ್ಳು ಅನ್ನಿಸುತ್ತಿತ್ತು.

ಸವಡಿ ಊರಿನಲ್ಲಿ ಕಲ್ಲೇಶನ ದೊಡ್ಡಪ್ಪನ ಮನೆಯ ಕುಬಸದ ಕಾರ್ಯವೂ ಇಂಥದೇ ಬಿಸಿಲಿನಲ್ಲಿ ನಡೆದಿತ್ತು. ಏಳು ತಿಂಗಳ ಬಸುರಿ ಸೊಸೆಗೆ ಹಸಿರು ಕುಬಸ ತೊಡಿಸಿ, ಕುರ್ಚಿಯಲ್ಲಿ ಕೂಡಿಸಿ, ಮುತ್ತೈದೆಯರನ್ನು ಒಬ್ಬೊಬ್ಬರಾಗಿ ಆರತಿಗೆ ಕರೆಯುತ್ತಿದ್ದರು. ಪಡಸಾಲೆಯಲ್ಲಿ ಗಂಡಸರ ಪಂಕ್ತಿ; ಬಾಗಿಲಿನಿಂದ ಒಳಗಿನದೆಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ನಾಗರತ್ನಾ ಸೆರಗು ಸರಿಮಾಡಿಕೊಂಡು ತಾಟು ಹಿಡಿಯಲು ಎದ್ದು ನಿಂತಳು. ಅವಳ ಸರದಿ. ಕರೆಯುತ್ತಿದ್ದ ದೊಡ್ಡವ್ವ ಅವಳ ತಲೆಯ ಮೇಲಿಂದ ನೋಡಿ ಹಿಂದಿನವಳನ್ನು ಕರೆದಳು. ಮೆಲ್ಲಗೆ, "ನೀ ಕುಂದ್ರವಾ, ನಿನಗ್ಯಾಕ ತ್ರಾಸು," ಎಂದಳು. ಮಾತಿನಲ್ಲಿ ಬೆಲ್ಲವಿತ್ತು. ಕುಳಿತುಕೊಳ್ಳಲು ಅವಳು ಎದ್ದ ಜಾಗದಲ್ಲಿ ಅಷ್ಟರಲ್ಲಿ ಯಾವುದೋ ಮಗುವನ್ನು ಮಲಗಿಸಿದ್ದರು. ಅವಳು ನಿಂತೇ, ಬಾಗಿಲಿನ ಕಡೆ, ಅವನ ಕಡೆ ನೋಡಿದಳು. ಏನಾದರೂ ಅನ್ನಲಿ ಎಂದಲ್ಲ. ಎದ್ದು ಬರಲಿ ಎಂದೂ ಇರಲಿಕ್ಕಿಲ್ಲ. ಬರೀ ನೋಡಿದಳು. ಗೋಧಿ ಹುಗ್ಗಿ ಬಡಿಸುವವನು ಅದೇ ಹೊತ್ತಿಗೆ ಮುಂದೆ ಬಂದು ನಿಂತಿದ್ದ. ಕಲ್ಲೇಶ ತಲೆ ತಗ್ಗಿಸಿ, ಇನ್ನೊಂದು ಸವಟು ಹಾಕ್ರಿ ಎಂದಿದ್ದ. ಮೇಲೆ ತುಪ್ಪವನ್ನೂ ಕೇಳಿದ್ದ. ಅದು ಪಂಚಮಿಯ ಮುಂಚಿನ ಮಾತು. ಆ ಸಂಜೆ ಬಸ್ಸಿನಲ್ಲಿ ಅವಳು ಎಂದಿನಂತೆಯೇ ಇದ್ದಳು. ಎಂದಿನಂತೆಯೇ ಇದ್ದಾಳೆಂದು ಅವನು ಗಮನಿಸಿ ಸಮಾಧಾನಪಟ್ಟಿದ್ದ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕುತುಬುದ್ದೀನ ಸೋತು ಕಟ್ಟೆಯ ಮೇಲೆ ಕುಳಿತ. ಮಂಗಗಳು ಒಳಗಿಂದೊಳಗೇ ವಾಯರು ಮುರಿದಿವೆ, ಮೇಲೆ ಕಾಣುವುದಿಲ್ಲ, ನಾಳೆ ಪೂರ್ತಿ ಹೊಸದು ಎಳೆಯುತ್ತೇನೆ ಎಂದು ತೀರ್ಪು ಕೊಟ್ಟ. ಕಲ್ಲೇಶ ಅವನಿಗೆ ಹೋಳಿಗೆ ತಂದುಕೊಟ್ಟ, ಅಂಗಡಿಯದು. ತಿನ್ನುತ್ತ ಅವನು, ಇವತ್ತು ಅರ್ಜೆಂಟೇನಾದರೂ ಇತ್ತೇನು, ಇದ್ದರೆ ತನ್ನ ಫೋನಿನಿಂದ ಹಾಟ್‌ಸ್ಪಾಟ್ ಕೊಟ್ಟು ಇಲ್ಲೇ ಕುಳಿತಿರುತ್ತೇನೆ ಎಂದ. ಅಂಥಾದ್ದೇನಿಲ್ಲ ಎಂದು ಕಲ್ಲೇಶ ಹೇಳಿದ. ಏಣಿ ಓಣಿಯ ತಿರುವಿನಲ್ಲಿ ಮರೆಯಾದಾಗ ಅವನಿಗೆ ಅವಳು ಹೋದಂದಿನಿಂದ ಇಲ್ಲದ ಹಗುರ ಅನ್ನಿಸಿತು. ಒಳಗೆ ಬಂದು ಮುಖ ತೊಳೆದುಕೊಂಡ. ಆಮೇಲೆ ಯಾಕೋ ಗಡ್ಡ ಹೆರೆದುಕೊಂಡ. ಕಪಾಟಿನಿಂದ ಅವಳು ಆರಿಸಿದ ಅಂಗಿಯನ್ನು ತೆಗೆದು ಹಾಕಿಕೊಂಡು, ಕೆಂಪು ದೀಪದ ಎದುರಿಗೆ ಕುಳಿತ.

ಬನ್ನಿ ಮುಡಿದು ಬಂದ ಜನರ ಸದ್ದು ಓಣಿಯಲ್ಲಿ ಎದ್ದಾಗ ಬಾಗಿಲಲ್ಲಿ ಗಾಳೆವ್ವ ನಿಂತಿದ್ದಳು. ಬನ್ನಿಯ ಎಲೆಯೇ ಬಂಗಾರವೆಂದು ಒಬ್ಬರಿಗೊಬ್ಬರು ಕೊಟ್ಟು, ವರ್ಷದ ಜಗಳಗಳನ್ನೆಲ್ಲ ಅಲ್ಲಿಗೆ ಬಿಡುವ ಹೊತ್ತು ಅದು. ಅವಳು ಒಳಗೆ ಬಂದು, ಎಲೆಗಳನ್ನು ಅವನ ಅಂಗೈಯಲ್ಲಿಟ್ಟಳು. ಅವನು ಬಗ್ಗಿ ಅವಳ ಕಾಲು ಮುಟ್ಟಿದ. ಅವಳು ಹೋಗಲಿಲ್ಲ. ಇನ್ನೊಂದು ಚಿಕ್ಕ ಕಟ್ಟು ಎಲೆಗಳನ್ನು ಡಬ್ಬಿಯ ಪಕ್ಕದಲ್ಲಿಟ್ಟು, ಇದು ಆಕೀದು ಎಂದಳು. ಆಮೇಲೆ ನೆಲದ ಮೇಲೆ ಕುಳಿತು ಮೊಳಕಾಲು ನೀವಿಕೊಳ್ಳುತ್ತ, ನೆಲವನ್ನೇ ನೋಡುತ್ತ ಹೇಳಿದಳು. "ನನಗ ಫೋನ್ ಮಾಡಿದ್ಲು ನಾಗರತ್ನಾ. ಆವಾಗಿನಿಂದ ಹಚ್ಚಾಕತ್ತಾಳಂತ, ಹತ್ತವಲ್ದಂತ. ಬರೇ ಮಾತಿನಾಗ ಹೇಳಬೇ ಅಂದ್ರ ಒಲ್ಯಾ ಅಂದ್ಲು. ಕದ್ದು ಹೇಳಿದ್ಹಂಗ ಆಕ್ಕೈತಂತ."

ಕೇಬಲ್ಲು ಕೆಟ್ಟಿದೆ, ಮಂಗಗಳು ಎಂದು ಕಲ್ಲೇಶ ಶುರುಮಾಡಿದ. ಅವಳು ಕೈಯೆತ್ತಿ ತಡೆದಳು.

"ಬಾಳಿಹಣ್ಣ ಆಕಿ ಕಳಿಸಿಲ್ಲಂತಲ್ರಿ ಮಾಸ್ತರ."

ಹೊರಗೆ ಯಾರೋ ಯಾರಿಗೋ ಬನ್ನಿ ಕೊಟ್ಟು ನಗುತ್ತಿದ್ದರು. ಹಣ್ಣು ಚಲೋ ಇದ್ದವು, ಮೊಮ್ಮಕ್ಕಳು ತಿಂದರು ಎಂದು ಗಾಳೆವ್ವ, ಲೆಕ್ಕ ಚುಕ್ತಾ ಮಾಡುವಂತೆ, ಸೇರಿಸಿದಳು. ಗೋಡೆ ಹಿಡಿದು ಎದ್ದಳು. "ಉಪಾಸ ಕುಂತಾಳಂತ ಆಕಿ. ಹೇಳಿ ಉಣ್ಣಬೇಕಂತ. ಲಗೂನ ಏನರ ಮಾಡ್ರಿ," ಎಂದಳು.

ಅವಳು ಹೊಸ್ತಿಲು ದಾಟಿದ ಮೇಲೆ ಅವನು ಡಬ್ಬಿಯನ್ನು ತಿರುಗಿಸಿದ. ನೀಲಿ ತೂತಿಗೆ ಬಾಯಿ ಹಚ್ಚಿ ಊದಿದ. ಒಂದಿಷ್ಟು ವಿಭೂತಿ ಹಾರಿ ಕಣ್ಣಿಗೆ ಬಿತ್ತು. ವಾಯರನ್ನು ಹಳದಿಯಿಂದ ಕಿತ್ತು ನೀಲಿಗೆ ಸಿಕ್ಕಿಸಿದ. ಕಟಕ್ ಎಂದಿತು. ಭೂಗೋಳ ಒಮ್ಮೆ ಆರಿ, ಮಿನುಗಿ, ಹಸಿರಾಯಿತು. ಇಷ್ಟು ಸರಾಗವಾಗಿ ಆಗಬಾರದಿತ್ತು ಎಂದು ಅವನಿಗೆ ಅನ್ನಿಸುವಷ್ಟರಲ್ಲಿ ಫೋನು ಹೊಡೆದುಕೊಂಡಿತು.

ಚಿತ್ರ ಅಷ್ಟು ಸ್ಪಷ್ಟವಾಗಿ ಆ ಮನೆಗೆ ಎಂದೂ ಬಂದಿರಲಿಲ್ಲ. ಅವಳ ಕುಪ್ಪಸದ ತೋಳಿನ ಅಂಚಿನ ದಾರ ಬಿಟ್ಟದ್ದು ಕೂಡ ಕಾಣುತ್ತಿತ್ತು. ಕನ್ನಡಕ ಬಂದಿತ್ತು ಅವಳಿಗೆ. ಯಾವಾಗ ಬಂತೆಂದು ಅವನಿಗೆ ಗೊತ್ತಿರಲಿಲ್ಲ. ಅವಳ ಹಿಂದೆ ಹೊಲಿಗೆಯ ಮಷಿನ್ನು, ಅದರ ಹಣೆಗೆ ಮೂರು ಗೆರೆ ವಿಭೂತಿ, ಚೆಂಡುಹೂವು. ಎಷ್ಟು ತೆಳ್ಳಗೆ, ನೀಟಾಗಿ ಹಚ್ಚಿದ್ದಾಳೆ ಎಂದುಕೊಂಡ. ಅವಳು ಅವನ ಮುಖವನ್ನು ನೋಡಿದಳು. ಗಡ್ಡ ಹೆರೆದದ್ದನ್ನು, ಅಂಗಿಯನ್ನು ನೋಡಿದಳು. ಕೆಂಪಾದ ಕಣ್ಣನ್ನು ನೋಡಿ ಏನೋ ಕೇಳಹೋಗಿ ಬಿಟ್ಟಳು.

"ನಾ ಇನ್ನ ಬರೂದಿಲ್ಲ್ರಿ," ಎಂದಳು.

ಕಲ್ಲೇಶ ಫೋನನ್ನು ಕಿವಿಯ ಹತ್ತಿರ ತಂದ, ದೂರ ಹಿಡಿದ. "ಹಲೋ? ಕೇಳಸವಲ್ದು."

ಅವಳು ತುಸು ಮುಂದೆ ಬಾಗಿದಳು. ಆ ಮನೆಯಲ್ಲಿ ಟಿವಿಯ ಸದ್ದು ಯಾರೋ ಕಡಿಮೆ ಮಾಡಿದರು. "ನಾ ಇನ್ನ ಆ ಮನಿಗೆ ಬರೂದಿಲ್ಲ. ಇಲ್ಲೇ ಇರ್ತೀನಿ." ಈ ಸಲ ಅಣ್ಣ, ಅತ್ತಿಗೆ, ಪಕ್ಕದ ಕೋಣೆಯ ಮಕ್ಕಳು ಎಲ್ಲರೂ ಕೇಳುವಷ್ಟು ಗಟ್ಟಿಯಾಗಿ ಹೇಳಬೇಕಾಯಿತು. ಹೇಳುವಾಗ ಅವಳ ಗಂಟಲಿನ ನರ ಉಬ್ಬಿದ್ದು ಕಂಡಿತು.

"ಕಟ್ ಆಗಾಕತ್ತೇತಿ ನಾಗರತ್ನಾ. ಲೈನ್ ಬರೋಬ್ಬರಿ ಇಲ್ಲ. ಮತ್ತ ಮಾಡ್ತೀಯೇನು? ನಾಳಿಗೆ..."

ಡಬ್ಬಿಯಲ್ಲಿ ದೀಪಗಳೆಲ್ಲ ಹಸಿರಾಗಿದ್ದವು. ಅವಳು ಅವನನ್ನು ನೋಡುತ್ತ ಕುಳಿತಳು. ಚಿತ್ರ ಎಲ್ಲೂ ನಿಲ್ಲಲಿಲ್ಲ, ತುಂಡಾಗಲಿಲ್ಲ. ಕನ್ನಡಕದ ಗಾಜಿನಲ್ಲಿ ಚಿಕ್ಕದಾಗಿ ಅವನೇ ಕಾಣುತ್ತಿದ್ದ, ಹಲೋ ಹಲೋ ಎನ್ನುತ್ತ. ಆಮೇಲೆ ಅವಳು ಪಕ್ಕದಲ್ಲಿ ಮಲಗಿದವರೊಂದಿಗೆ ಮಾತಾಡುವಷ್ಟು ಮೆಲ್ಲಗೆ ಹೇಳಿದಳು.

"ಕೇಳಸ್ತೇತಿ ನಿಮಗ. ಅವತ್ತ ಸವಡ್ಯಾಗೂ ಕೇಳಿಸಿತ್ತು."

ಅವನು ಹಲೋ ಎನ್ನುವುದನ್ನು ನಿಲ್ಲಿಸಿದ.

ಅವಳು ಸೆರಗಿನಿಂದ ಬನ್ನಿಯ ಎಲೆಗಳನ್ನು ತೆಗೆದು ಕ್ಯಾಮೆರಾದ ಹತ್ತಿರ ಹಿಡಿದಳು. ಮುಖ ಮರೆಯಾಗಿ ಪರದೆಯ ತುಂಬ ಹಸಿರಾಯಿತು. ಅದರ ಹಿಂದಿನಿಂದ, "ಬನ್ನಿ ತೊಗೊಂಡು ಬಂಗಾರದ್ಹಂಗ ಇರ್ರಿ," ಎಂದು ಅವಳ ದನಿ ಬಂತು. ಅವನೂ ಡಬ್ಬಿಯ ಪಕ್ಕದಲ್ಲಿ ಗಾಳೆವ್ವ ಇಟ್ಟಿದ್ದ ಎಲೆಗಳನ್ನು ಎತ್ತಿ ಹಿಡಿದ. ಎಲೆಗೆ ಎಲೆ ತೋರಿಸಿಕೊಂಡು ಇಬ್ಬರೂ ಸ್ವಲ್ಪ ಹೊತ್ತು ಹಾಗೇ ಇದ್ದರು. ಉಣ್ಣು ಎಂದು ಅವನು ಹೇಳಿದ. ಹ್ಞೂಂ ಎಂದಳು. ಯಾರು ಮೊದಲು ಕೈ ಇಳಿಸಿದರೆಂದು ಗೊತ್ತಾಗಲಿಲ್ಲ, ಪರದೆ ಕಪ್ಪಾಗಿತ್ತು.

ಮರುದಿನ ಬೆಳಿಗ್ಗೆ ಕುತುಬುದ್ದೀನ ಹೊಸ ವಾಯರಿನ ಸುರುಳಿ ಹೊತ್ತು ಬಂದ. ಸರಿಯಾಗಿದೆ ಎಂದು ಕಲ್ಲೇಶ ಬಾಗಿಲಲ್ಲೇ ಹೇಳಿದ. ಹೇಗೆ ಸರಿಯಾಯಿತು ಎಂದು ಅವನು ಕೇಳಿದ್ದಕ್ಕೆ, ತಾನಾಗೇ ಆಯಿತು ಎಂದ. ಕುತುಬುದ್ದೀನ ಒಳಗೆ ಇಣುಕಿ ದೀಪ ನೋಡಿ, ಒಮ್ಮೊಮ್ಮೆ ಹಾಗಾಗುತ್ತದೆ ಎಂದು ಒಪ್ಪಿಕೊಂಡು ಹೋದ. ಇಂಟರ್ನೆಟ್ ಆಮೇಲೆ ಕೆಡಲಿಲ್ಲ. ನಾಗರತ್ನಾ ಬರಲಿಲ್ಲ.